ಸೀಟಿ

ಇಪ್ಪತ್ತೆಂಟು ವರ್ಷ ಕೊರಳಲ್ಲಿದ್ದ ಹಿತ್ತಾಳೆ ಸೀಟಿಯನ್ನು
ನಿವೃತ್ತಿಯ ಸಂಜೆ ಮಶಾಕ ಕಾಕಾ ನನ್ನ ಅಂಗೈಗಿಟ್ಟ.
ದಾರ ಬೆವರು ಕುಡಿದು ಕಪ್ಪಾಗಿತ್ತು.
‘ಒಳಗಿನ ಗೋಲಿ ಎಂದೋ ಬಿದ್ದದ, ತಂಗಿ.
ಆದ್ರೂ ಕೇಳಸ್ತದ’ ಅಂದ.
ಚಹದ ಲೋಟ ತೊಳೆದು ಬೋರಲು ಹಾಕಿ ಹೊರಟುಹೋದ.

ವಾಡಿ ಜಂಕ್ಷನ್ನಿನ ಮೇ ತಿಂಗಳು.
ಬೇವಿನೆಲೆಯ ಮೇಲೆ ಸಿಮೆಂಟಿನ ಧೂಳು,
ಹಳಿ ಮುಟ್ಟಿದರೆ ರೊಟ್ಟಿ ಹಂಚು.
ಮೇಟ್ ಆದ ಮೊದಲ ದಿನ
ಹತ್ತು ಸಲ ಸೀಟಿ ಊದಿದೆ.
ಹನ್ನೊಂದು ಜನ ಹನ್ನೊಂದು ಕಡೆ ನೋಡಿದರು.
ಹಳಿಯ ಒಂದು ತುದಿ ಎದ್ದಿತು, ಇನ್ನೊಂದು ಜಾರಿ
ಸಾಯಬಣ್ಣನ ಕಾಲ್ಬೆರಳಿಗೆ ಗೇಣು ದೂರದಲ್ಲಿ ಬಿತ್ತು.
ಅವನು ಬೀಡಿ ತೆಗೆದ.
ಕಡ್ಡಿ ಮೂರು ಸಲ ಆರಿತು. ಗಾಳಿ ಇರಲಿಲ್ಲ.

ರಾತ್ರಿ ಗ್ಯಾಂಗ್ ಚಾಳಿನ ಫರಸಿಗೆ ಬೆನ್ನು ಹಚ್ಚಿ
ಮುದುಕ ಹೇಗೆ ಮಾಡುತ್ತಿದ್ದ ಎಂದು ನೆನೆಯುತ್ತ ಮಲಗಿದೆ.

ಎತ್ತುವಾಗ ಕೂಗು ಹಾಕುತ್ತಿದ್ದವನು ಅವನಲ್ಲ, ಭೀಮಶಾ.
ಸೊಂಟ ಹೋದವನು, ಕೊಡ ನೀರಿಗೆ ಏದುಸಿರು ಬಿಡುವವನು,
ಗಂಟಲು ಮಾತ್ರ ನಾಲವಾರದ ತನಕ.
‘ಏಳ ಹಳಿಯವ್ವಾ — ಹೈಸಾ,
ಮೈ ಮುರಿಯವ್ವಾ — ಹೈಸಾ’
ಆ ‘ಸಾ’ಕ್ಕೆ ಎಲ್ಲ ಕೈಗಳೂ ಒಂದೇ ಕೈ.
ಕಾಕಾ ಬಾಯಿ ಮುಚ್ಚಿಕೊಂಡು ನಟ್ಟನಡುವೆ, ಭಾರದ ಕೆಳಗೆ.
ಕೆಲಸಕ್ಕೆ ಬಂದ ಮೊದಲ ವಾರ
ಮೇಟ್ ಎಲ್ಲಿ ಎಂದು ನಾನು ಅವನನ್ನೇ ಕೇಳಿದ್ದೆ.

ಒಮ್ಮೆ ಒಂದು ಜೋಡಿನಲ್ಲಿ ಬೋಲ್ಟು ಸಡಿಲ.
ಬಿಗಿಯಬೇಕಿದ್ದವನು ತಿಪ್ಪಣ್ಣ;
ಮಗಳಿಗೆ ಜ್ವರ, ಕೈಯಲ್ಲಿ ಅವಸರ.
ಸಾಹೇಬರು ಟ್ರಾಲಿ ನಿಲ್ಲಿಸಿ ಯಾರದು ಎಂದರು.
‘ನಂದ್ರಿ’ ಅಂದ ಕಾಕಾ.
ಒಂದು ಇಂಕ್ರಿಮೆಂಟು ಹೋಯಿತು.
ಸಂಜೆ ತಿಪ್ಪಣ್ಣನೊಬ್ಬನನ್ನೇ ಅಲ್ಲಿಗೆ ಕರೆದೊಯ್ದು
ಸ್ಪ್ಯಾನರ್ ಕೈಗೆ ಕೊಟ್ಟು
ತಾನು ಕಂದೀಲು ಹಿಡಿದು ನಿಂತ.
ಏನು ಮಾತಾಡಿದರೋ ಗೊತ್ತಿಲ್ಲ.
ತಿಪ್ಪಣ್ಣ ಈಗಲೂ ಆ ಜೋಡು ದಾಟುವಾಗ
ಹಿಮ್ಮಡಿಯಿಂದ ಒಮ್ಮೆ ತಟ್ಟಿ ನೋಡುತ್ತಾನೆ.

ಹಾಗಂತ ಔಲಿಯಾ ಅಲ್ಲ.
ಪುಂಡಿಪಲ್ಯಕ್ಕೆ ಉಪ್ಪು ಕಡಿಮೆಯಾದರೆ ದಿನವಿಡೀ ಮುಖ ಗಂಟು.
‘ಹಳಿ ದನಿ ಬ್ಯಾರೆ ಬರ್ಲಕತ್ತದ’ ಎಂದು ಚಂದಮ್ಮ ಅಂದಾಗ
‘ನಿನಗೇನ್ ತಿಳೀತದ, ಖಡಿ ತುಂಬು’ ಎಂದು ಗದರಿದ್ದ.
ಮಧ್ಯಾಹ್ನಕ್ಕೆ ಬಿರುಕು ಸಿಕ್ಕಿತು, ಕೂದಲೆಳೆಯಷ್ಟು.
ಮರುದಿನ ಎಲ್ಲರೂ ರೊಟ್ಟಿಗಂಟು ಬಿಚ್ಚುವ ಹೊತ್ತಿಗೆ
ಎದ್ದು ನಿಂತ. ಟೊಪ್ಪಿಗೆ ತೆಗೆದ, ಮತ್ತೆ ಹಾಕಿದ.
‘ನಿನ್ನಿ ತಪ್ಪು ನಂದು. ಚಂದಮ್ಮ ಖರೇ ಅಂದಿದ್ಲು.’
ಅಂದಿನಿಂದ ಸುತ್ತಿಗೆ ತಟ್ಟಿ ಕಿವಿಗೊಡುವ ಕೆಲಸ ಅವಳದು.
ಶೇಂಗಾ ಹಿಂಡಿಯನ್ನು ಮಾತ್ರ
ಅವಳು ಅವನಿಗೆ ಎಂಟು ದಿನ ಕೊಡಲಿಲ್ಲ.

ಬೆಳಗಾಯಿತು.
ಸೀಟಿಯನ್ನು ರವಿಕೆಯೊಳಗೆ ಇಳಿಬಿಟ್ಟೆ.
‘ಭೀಮಶಾ ಅಣ್ಣ, ಕೂಗು ನೀ ಹಾಕು’ ಎಂದೆ.
ಸಾಯಬಣ್ಣನ ಪಕ್ಕ ಜಾಗ ಮಾಡಿಕೊಂಡು ಇಕ್ಕಳ ಹಿಡಿದೆ.
‘ನಿನ್ನಿ ನಿನ್ನ ಕಾಲು...’
ಮಾತು ಅರ್ಧಕ್ಕೆ ನಿಂತಿತು.
‘ಕಾಲ್ ಇನ್ನಾ ಅದ. ನೀ ಕೈ ಸರೀ ಹಿಡಿ’ ಅಂದ.

ಹಳಿ ಎದ್ದಿತು.
ಚೂರು ಓರೆಯಾಗಿಯೇ ಎದ್ದಿತು, ಕೂತಾಗ ನೆಟ್ಟಗಾಯಿತು.

ಆಗ ಪಕ್ಕದ ಹಳಿಯ ಮೇಲೆ, ಯಾದಗಿರಿ ಕಡೆಯಿಂದ,
ಬಿಸಿಲಿನಲ್ಲಿ ನಡುಗುತ್ತ ಗೂಡ್ಸ್ ಗಾಡಿ.
ಊದಿದೆ, ಒಂದೇ ಸಲ.
ತುಟಿಗೆ ಹಿತ್ತಾಳೆಯ ರುಚಿ, ಇನ್ನೊಬ್ಬರ ಉಪ್ಪು.
ಒಬ್ಬೊಬ್ಬರೇ ಇಳಿದರು. ತಲೆ ಎಣಿಸಿದೆ,
ಹನ್ನೊಂದಾದ ಮೇಲೆ ನಾನೂ ಇಳಿದೆ.

ಗಾಡಿ ಹೋಯಿತು. ಧೂಳು ಕೂತಿತು.
ಚಂದಮ್ಮ ಹೊಸ ಜೋಡಿನ ಮೇಲೆ ಸುತ್ತಿಗೆ ಇಟ್ಟು
ಒಮ್ಮೆ ತಟ್ಟಿ, ಕಣ್ಣು ಮುಚ್ಚಿದಳು.
ಅವಳು ಏನನ್ನುತ್ತಾಳೋ ಎಂದು
ಹನ್ನೊಂದು ಜನ ಅವಳ ಮುಖ ನೋಡುತ್ತ ನಿಂತೆವು,
ನಾನೂ ಸೇರಿ.